ಅಡಿಕೆ ಮರವೇರುವ ಕಸುಬು: ತಳೆಯಿಂದ ದೋಟಿಯವರೆಗೆ

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹೋಗುವವರಿಗೆ ಗುಂಡ್ಯವೆಂದರೆ ಶಿರಾಡಿ ಘಾಟಿ ಏರುವ ಮುನ್ನ ಚಹಾಕ್ಕೆ ನಿಲ್ಲುವ ತಾಣ. ಕುಕ್ಕೆಗೆ ಹೋಗುವ ಯಾತ್ರಿಕರಿಗೆ ಅದು ರಸ್ತೆ ಕವಲೊಡೆಯುವ ಜಾಗ. ಆದರೆ ಮೇ ತಿಂಗಳ ಕೊನೆಯಲ್ಲಿ ಬೆಳಗಿನ ಹೊತ್ತು ಇಲ್ಲಿ ಹಾದುಹೋಗುವ ಪಿಕಪ್ ವಾಹನಗಳನ್ನು ಗಮನಿಸಿದರೆ ಬೇರೊಂದು ವ್ಯವಹಾರ ಕಣ್ಣಿಗೆ ಬೀಳುತ್ತದೆ. ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮುಗಳು, ಸುತ್ತಿಟ್ಟ ಪೈಪು, ಎಂಜಿನ್ ಜೋಡಿಸಿದ ಎಚ್.ಟಿ.ಪಿ. ಪಂಪು, ಉದ್ದನೆಯ ಕಪ್ಪು ಕೊಳವೆಯಂತಹ ದೋಟಿ, ಇವುಗಳ ನಡುವೆ ಕುಳಿತ ಮೂರು ನಾಲ್ಕು ಜನ. ಅಡಿಕೆ ತೋಟಗಳಿಗೆ ಮದ್ದು ಬಿಡಲು ಹೊರಟ ತಂಡ ಅದು.

ಪಾಶ್ಚಾತ್ಯ ದೇಶಗಳಲ್ಲಿ ಮರವನ್ನೇರಿ ಅದರ ರೋಗ ನೋಡಿ, ಕೊಂಬೆ ಸವರುವವನನ್ನು ಮರದ ಶಸ್ತ್ರವೈದ್ಯ ಎಂದು ಕರೆಯುವ ರೂಢಿಯಿದೆ. ಕಡಬ, ಪುತ್ತೂರು, ಸುಳ್ಯ ತಾಲೂಕುಗಳಲ್ಲಿ ಆ ಹೆಸರಿಗೆ ಅತ್ಯಂತ ಹತ್ತಿರವಾದವನು ಅಡಿಕೆ ಮರವೇರುವವನು. ಮಳೆಗಾಲದಲ್ಲಿ ಮರಕ್ಕೆ ಔಷಧಿ ಕೊಡುವವನೂ ಬೇಸಗೆಯಲ್ಲಿ ಗೊನೆ ಇಳಿಸುವವನೂ ಅವನೇ. ಈ ಭಾಗದ ಅಡಿಕೆ ವಹಿವಾಟು ನಿಂತಿರುವುದು ಅವನ ಕಾಲುಗಳ ಮೇಲೆ ಎಂದರೆ ಅತಿಶಯೋಕ್ತಿಯಲ್ಲ. ಲೆಕ್ಕ ಹಾಕಿಯೇ ನೋಡಬಹುದು. 9 ಅಡಿ ಅಂತರದಲ್ಲಿ ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 550 ಮರಗಳಿರುತ್ತವೆ. ಕೊಯ್ಲು ಮತ್ತು ಸಿಂಪಡಣೆ ಸೇರಿ ಮರವೊಂದಕ್ಕೆ ವರ್ಷದಲ್ಲಿ ಆರು ಸಲ ಕೆಲಸವಿದೆ ಎಂದಿಟ್ಟುಕೊಂಡರೆ 3,300 ಏರಿಕೆಗಳಾದವು. ಮರದ ಎತ್ತರ 50 ಅಡಿಯಾದರೆ ಒಟ್ಟು 1,65,000 ಅಡಿ, ಅಂದರೆ 50 ಕಿಲೋಮೀಟರು. ಎವರೆಸ್ಟ್ ಶಿಖರದ ಎತ್ತರದ ಐದೂವರೆ ಪಟ್ಟಿಗಿಂತ ಹೆಚ್ಚು! ಇದು ಒಂದೇ ಎಕರೆಯ ಲೆಕ್ಕ.

ಹಳೆಯ ಕುಶಲಿಗಳು ಈ ದೂರವನ್ನು ಜಾಣ್ಮೆಯಿಂದ ಕಡಿಮೆ ಮಾಡಿಕೊಳ್ಳುತ್ತಿದ್ದರು. ಕಾಲಿಗೆ ಹಗ್ಗದ ತಳೆ, ಸೊಂಟದಲ್ಲಿ ಕತ್ತಿ, ಕುಳಿತುಕೊಳ್ಳಲು ಒಂದು ಚಿಕ್ಕ ಹಲಗೆ: ಇಷ್ಟೇ ಅವರ ಬಂಡವಾಳ. ಒಂದು ಮರದ ಕೆಲಸ ಮುಗಿದೊಡನೆ ಕೆಳಗಿಳಿಯದೆ, ಪಕ್ಕದ ಮರವನ್ನು ಎಳೆದುಕೊಂಡು ಮೇಲಿನಿಂದಲೇ ಅದಕ್ಕೆ ದಾಟುವುದು ಅವರ ಕ್ರಮ. ಗಾಳಿಗೆ ತೂಗುವ ಕಾಂಡದ ತುದಿಯಲ್ಲಿ ನಡೆಯುವ ಈ ದಾಟುವಿಕೆಗೆ ಶಾಲೆಯಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ತಂದೆಯಿಂದ ಮಗನಿಗೆ ಬರುತ್ತಿದ್ದ ವಿದ್ಯೆ ಅದು. ಮಗ ಮಂಗಳೂರಿಗೋ ಬೆಂಗಳೂರಿಗೋ ಹೊರಟ ಮೇಲೆ ಕೊಂಡಿ ಕಳಚಿತು. ಅದಕ್ಕಾಗಿ ಅವನನ್ನು ದೂರುವುದು ಸರಿಯಲ್ಲ. ಬಿದ್ದರೆ ನೋಡಿಕೊಳ್ಳುವವರಿಲ್ಲದ ಉದ್ಯೋಗವನ್ನು ಯಾವ ತಂದೆಯೂ ಮಗನಿಗೆ ಶಿಫಾರಸು ಮಾಡುವುದಿಲ್ಲ.

ಕೊಯ್ಲು ನಾಲ್ಕು ದಿನ ತಡವಾದರೆ ನಡೆದೀತು, ಮದ್ದು ತಡವಾಗುವಂತಿಲ್ಲ. ಮಹಾಳಿ ಅಥವಾ ಕೊಳೆರೋಗಕ್ಕೆ ಇಂದಿಗೂ ಮುಖ್ಯ ಔಷಧಿ ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಮಿಶ್ರಣವನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ತೋರಿಸಿದವರು ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮಳೆ ಹಿಡಿಯುವ ಮುನ್ನ ಮೊದಲನೆಯದು, ಆಮೇಲೆ 40-45 ದಿನಗಳಿಗೊಮ್ಮೆ ಮುಂದಿನವು ಎಂಬುದು ಕ್ರಮ. ಮಿಶ್ರಣವನ್ನು ಅಂದಂದೇ ತಯಾರಿಸಿ ಅಂದೇ ಮುಗಿಸಬೇಕು. ಹೀಗಾಗಿ ಊರಿನ ಎಲ್ಲ ತೋಟಗಳಿಗೂ ಒಂದೇ ಹದಿನೈದು ದಿನಗಳಲ್ಲಿ ಒಂದೇ ಜನ ಬೇಕು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ತಲುಪಿ ಬೆನ್ನಿಗೇ ಕರಾವಳಿಗೆ ಬಂದಿತು. ಅನೇಕ ತೋಟಗಳಲ್ಲಿ ಮೊದಲ ಮದ್ದು ಮುಗಿದಿರಲಿಲ್ಲ. ಆ ವರ್ಷ ಕೊಳೆರೋಗ ಎಷ್ಟು ವ್ಯಾಪಕವಾಗಿತ್ತು ಎಂಬುದನ್ನು ಅಡಿಕೆ ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊರತೆ ಇರುವಲ್ಲಿ ಯಂತ್ರ ಹುಟ್ಟುವುದು ಸಹಜ. ತೆಂಗಿಗೆ ಕೇರಳದ ಚೆಂಬೇರಿಯ ಏರುಯಂತ್ರ ಬಂದಿತು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ಯೋಜನೆಯು ಯುವಕರಿಗೆ ತರಬೇತಿ ಕೊಟ್ಟು, ಯಂತ್ರವನ್ನೂ ಕೈಗಿತ್ತು, ವಿಮೆಯನ್ನೂ ಜೋಡಿಸಿತು. ಅಡಿಕೆಯಲ್ಲಿ ಎಲ್ಲರ ಗಮನ ಸೆಳೆದದ್ದು ಬಂಟ್ವಾಳ ತಾಲೂಕಿನ ಕೋಮಲೆಯ ಕೃಷಿಕ ಗಣಪತಿ ಭಟ್ಟರ ‘ಮರ ಹತ್ತುವ ಸ್ಕೂಟರ್’. 2019ರಲ್ಲಿ ಅದರ ಚಿತ್ರಣ ದೇಶವೆಲ್ಲ ಹರಿದಾಡಿತು. ಸುಮಾರು 28 ಕಿಲೋ ತೂಕದ, ಎರಡು ಸ್ಟ್ರೋಕಿನ ಎಂಜಿನ್ನಿನ ಈ ವಾಹನದ ಬೆಲೆ ಆರಂಭದಲ್ಲಿ 75 ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಒಂದು ಲೀಟರು ಪೆಟ್ರೋಲಿಗೆ ಸುಮಾರು 80 ಮರ ಏರಬಹುದೆಂದು ಅಂದಿನ ವರದಿಗಳು ತಿಳಿಸಿದ್ದವು. ಕೆಲಸದವರು ಸಿಗದೆ ಸ್ವತಃ ಮರವೇರಲೇಬೇಕಾದ ಐವತ್ತು ದಾಟಿದ ಮಾಲೀಕನಿಗೆ ಅದು ವರವೇ ಸರಿ. ಆದರೆ ಬಾಡಿಗೆಗೆ ದುಡಿಯುವ ತಂಡದ ದೃಷ್ಟಿಯಿಂದ ನೋಡಿದರೆ, ಪ್ರತಿ 9 ಅಡಿಗೊಮ್ಮೆ 28 ಕಿಲೋ ಬಿಚ್ಚಿ, ಹೊತ್ತು, ಮತ್ತೆ ಜೋಡಿಸಬೇಕು. ಗುಂಡ್ಯದ ಸುತ್ತಲಿನ ಇಳಿಜಾರಿನ ತೋಟಗಳಲ್ಲಿ ಇದು ಸಣ್ಣ ಮಾತಲ್ಲ. ಮೇಲಿನಿಂದಲೇ ದಾಟುವ ಹಳೆಯ ಲಾಭ ಇಲ್ಲಿ ಇಲ್ಲ.

ಆದುದರಿಂದ ಬಾಡಿಗೆಯ ಮಾರುಕಟ್ಟೆಗೆ ಹೆಚ್ಚು ಹೊಂದಿದ್ದು ಕಾರ್ಬನ್ ಫೈಬರ್ ದೋಟಿ. ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳ ಈ ಕೋಲು ಮಡಚಿದಾಗ ಆಳೆತ್ತರ, ಬಿಡಿಸಿದಾಗ 60 ಅಡಿ, 80 ಅಡಿ. ತುದಿಗೆ ಕತ್ತಿ ಸಿಕ್ಕಿಸಿದರೆ ಕೊಯ್ಲು, ನಾಸಲ್ ಕಟ್ಟಿದರೆ ಸಿಂಪಡಣೆ. ಕೆಲಸಗಾರನ ಕಾಲು ನೆಲದ ಮೇಲಿರುತ್ತದೆ. 2018ರ ಡಿಸೆಂಬರಿನಲ್ಲಿ ವಿಟ್ಲದ ಸಿ.ಪಿ.ಸಿ.ಆರ್.ಐ. ಕೇಂದ್ರದಲ್ಲಿ ‘ಅಡಿಕೆ ಕೌಶಲ್ಯ ಪಡೆ’ ತರಬೇತಿ ನಡೆದಾಗ ಮರವೇರುವುದನ್ನು ಶಿಬಿರ ಕಟ್ಟಿ ಕಲಿಸುವ ಪರಿಪಾಠ ಶುರುವಾಯಿತು. ಈಗ ದೋಟಿಯ ಬಳಕೆಯೂ ತರಬೇತಿಯ ವಿಷಯವೇ ಆಗಿದೆ. ಕತ್ತೆತ್ತಿ ದಿನವಿಡೀ ದುಡಿಯುವುದರ ನೋವು ಬೇರೆ. ಅದಕ್ಕಿಂತ ದೊಡ್ಡ ಅಪಾಯ ವಿದ್ಯುತ್ತಿನದು. ಕಾರ್ಬನ್ ವಿದ್ಯುದ್ವಾಹಕ. ತೋಟದ ಮೇಲೆ ಹಾದ ತಂತಿಗೆ ಒದ್ದೆ ದೋಟಿ ತಗುಲಿದರೆ ಮುಂದಿನದನ್ನು ಹೇಳಬೇಕಿಲ್ಲ. ಅಂತಹ ಸಾಲುಗಳಲ್ಲಿ ಲೈನು ಬಂದ್ ಮಾಡಿಸದೆ ದೋಟಿ ಎತ್ತುವ ತಂಡಕ್ಕೆ ಕೆಲಸ ಕೊಡದಿರುವುದೇ ಮಾಲೀಕನಿಗೆ ಕ್ಷೇಮ. ದೋಟಿ ಮಾರುವ ವರ್ತಕರು ಬಿಲ್ಲಿನ ಜೊತೆಗೆ ಈ ಎಚ್ಚರಿಕೆಯನ್ನೂ ಕನ್ನಡದಲ್ಲಿ ಅಚ್ಚು ಹಾಕಿ ಕೊಟ್ಟರೆ ಖರ್ಚು ಹೆಚ್ಚೇನೂ ಆಗದು.

ತಳೆ ಕಟ್ಟುತ್ತಿದ್ದವನು ಕೂಲಿಯಾಗಿದ್ದನು. ದೋಟಿ, ಪಂಪು, ಪೈಪು, ಪಿಕಪ್ ಇಟ್ಟುಕೊಂಡವನು ಹಲವು ಲಕ್ಷ ರೂಪಾಯಿ ಹೂಡಿದ ಉದ್ಯಮಿ. ಈ ವ್ಯತ್ಯಾಸವನ್ನು ಅವನೂ ಅರಿತಂತಿಲ್ಲ, ಅವನಿಗೆ ಕೆಲಸ ಕೊಡುವವರೂ ಅರಿತಂತಿಲ್ಲ. ಸಿಂಪಡಣೆಗೆ ಕೆಲವು ವಾರ, ಕೊಯ್ಲಿಗೆ ಕೆಲವು ತಿಂಗಳು ಬಿಟ್ಟರೆ ಉಪಕರಣ ಮೂಲೆ ಸೇರುತ್ತದೆ. ಸವಕಳಿ ಮಾತ್ರ ವರ್ಷವಿಡೀ. ದಿನದ ಬಾಡಿಗೆ ನಿಗದಿ ಮಾಡುವಾಗ ಈ ಸವಕಳಿಯನ್ನು ಸೇರಿಸದವನು ಮೂರನೆಯ ವರ್ಷ ಹೊಸ ದೋಟಿ ಕೊಳ್ಳಲು ಸಾಲಕ್ಕೆ ಓಡುತ್ತಾನೆ. ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಕೆಲಸ ತೋಟದಲ್ಲಿ ನಡೆಯುತ್ತದೆಂಬ ಮಾತ್ರಕ್ಕೆ ಗುತ್ತಿಗೆ ತಂಡದ ಗಳಿಕೆ ಕೃಷಿ ಆದಾಯವಾಗದು. ಅದು ವ್ಯಾಪಾರದ ಆದಾಯ. ಕೊಯ್ಲು ಮತ್ತು ಸಸ್ಯಸಂರಕ್ಷಣೆಯ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇದೆ, ಅಷ್ಟೇ. ರಿಟರ್ನ್ ಸಲ್ಲಿಸಿಟ್ಟುಕೊಂಡರೆ ಪಿಕಪ್ಪಿಗೆ ಸಾಲ ಕೇಳಲು ಬ್ಯಾಂಕಿನ ಮುಂದೆ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ವಿಮೆಯ ವಿಷಯ ಇನ್ನೂ ಗಂಭೀರ. ಎಲ್ಲ ಕೆಲಸ ದೋಟಿಯಿಂದ ಆಗುವುದಿಲ್ಲ, ಮರ ಏರುವವರು ಇಂದಿಗೂ ಇದ್ದಾರೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ ಕಂತಿಗೆ, ಅಪಘಾತದಿಂದ ಮರಣ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾದರೆ 2 ಲಕ್ಷ ರೂಪಾಯಿ ಸಿಗುತ್ತದೆ. ಮರದಿಂದ ಬಿದ್ದ ಪ್ರಕರಣವನ್ನು ಯೋಜನೆಯ ನಿಯಮಾವಳಿಯೇ ಹೆಸರಿಸಿ, ತಕ್ಷಣದ ಆಸ್ಪತ್ರೆ ದಾಖಲೆಯನ್ನು ಆಧಾರವಾಗಿ ಕೇಳುತ್ತದೆ. ಆದುದರಿಂದ ಬಿದ್ದವನನ್ನು ಮನೆಗೆ ಕರೆದೊಯ್ದು ಎಣ್ಣೆ ತಿಕ್ಕಿ, ಮೂರನೆಯ ದಿನ ಆಸ್ಪತ್ರೆಗೆ ಸೇರಿಸಿದರೆ ಹಕ್ಕು ಸಾಧಿಸುವುದು ಕಷ್ಟ. ಈ ವಿಮೆಗೊಂದು ಮಿತಿಯೂ ಇದೆ. ಕಾಲು ಮುರಿದು ಆರು ತಿಂಗಳು ಮಲಗಿದವನಿಗೆ ಅದು ಏನನ್ನೂ ಕೊಡದು. ಆಸ್ಪತ್ರೆಯ ವೆಚ್ಚವನ್ನೂ ನಷ್ಟವಾದ ದುಡಿಮೆಯನ್ನೂ ತುಂಬುವ ವೈಯಕ್ತಿಕ ಅಪಘಾತ ವಿಮೆಯನ್ನು ಪ್ರತ್ಯೇಕವಾಗಿಯೇ ಪಡೆಯಬೇಕು. ತೋಟದ ವಾರ್ಷಿಕ ವೆಚ್ಚದಲ್ಲಿ ಮೈಲುತುತ್ತಿನ ಬಿಲ್ಲಿನ ಪಕ್ಕದಲ್ಲಿ ಆ ಕಂತಿನ ಮೊತ್ತವನ್ನು ಬರೆದು ನೋಡಿದರೆ ಅದು ಎಷ್ಟು ಚಿಕ್ಕದೆಂದು ಮಾಲೀಕನಿಗೆ ತಿಳಿಯುತ್ತದೆ. ಉದ್ಯೋಗದಾತನ ಹೊಣೆಯ ಕಾನೂನನ್ನೂ ಮರೆಯುವಂತಿಲ್ಲ. ಮರ ಕಡಿಯುವ ಮತ್ತು ತಾಳೆ ಜಾತಿಯ ಮರಗಳಿಂದ ರಸ ಇಳಿಸುವ ಕೆಲಸಗಳನ್ನು 1923ರ ಪರಿಹಾರ ಕಾಯಿದೆಯೇ ತನ್ನ ಅನುಸೂಚಿಯಲ್ಲಿ ಸೇರಿಸಿತ್ತು. ಅದರ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ.

ವಿಟ್ಲದ ಕೇಂದ್ರವು ಹಿರೇಹಳ್ಳಿ ಗಿಡ್ಡ ತಳಿಯಿಂದ ಕುಳ್ಳ ಸಂಕರ ತಳಿಗಳನ್ನು ಹೊರತಂದಿದೆ. ಅವು ಎಲ್ಲೆಡೆ ನೆಲೆಗೊಂಡರೆ ಏರುವ ದೂರವೇ ಕಡಿಮೆಯಾದೀತು. ಆದರೆ ಇಂದು ನಿಂತಿರುವ ಎತ್ತರದ ಮರಗಳು ಇನ್ನೂ ದಶಕಗಳ ಕಾಲ ಫಸಲು ಕೊಡುತ್ತವೆ.

ಕೊನೆಯದಾಗಿ ದಿನಾಂಕದ ಮಾತೊಂದು. ಸುರಕ್ಷಾ ಬಿಮಾದ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮುಂದಿನ ವರ್ಷದ 20 ರೂಪಾಯಿ ಬ್ಯಾಂಕ್ ಖಾತೆಯಿಂದ ಕಡಿತವಾಗುವುದು ಮೇ ತಿಂಗಳ ಕೊನೆಗೆ. ಕೊಯ್ಲು ಮುಗಿದು, ಮದ್ದಿನ ಕೆಲಸ ಇನ್ನೂ ಕೈಗೆ ಹತ್ತದೆ, ಮರವೇರುವವನ ಖಾತೆ ಬರಿದಾಗಿರುವ ಸಮಯವೂ ಅದೇ. ಹಣವಿಲ್ಲದೆ ಕಂತು ತಪ್ಪಿದರೆ ಜೂನ್ ಮೊದಲ ವಾರದ ಜಾರುವ ಮರವನ್ನು ಅವನು ವಿಮೆಯಿಲ್ಲದೆಯೇ ಏರುತ್ತಾನೆ. ತಂಡವನ್ನು ಮುಂಗಡ ಕೊಟ್ಟು ಗೊತ್ತುಪಡಿಸುವ ಪದ್ಧತಿ ಹೇಗೂ ಇದೆ. ಆ ಮುಂಗಡವನ್ನು ಮೇ 20ರೊಳಗೆ, ಕೈಗೆ ಕೊಡುವ ಬದಲು ಖಾತೆಗೆ ಹಾಕಬಹುದು.