ಹರಕೆ, ಒಕ್ಕಲುತನ ಮತ್ತು ಕಾಯಿಲೆಯ ಮರುಕಳಿಕೆ: ಯಕೃತ್ತಿನ ಕ್ಯಾನ್ಸರನ್ನು ಕುರಿತು ಒಂದು ವಿವೇಚನೆ

ಕನಕಪುರ ತಾಲ್ಲೂಕಿನ ಸಾತನೂರು ಸಮೀಪದ ಕಬ್ಬಾಳು, ಬೆಟ್ಟದ ಮೇಲಿನ ದುರ್ಗಕ್ಕೂ ತಪ್ಪಲಿನ ಕಬ್ಬಾಳಮ್ಮನ ಗುಡಿಗೂ ಹೆಸರಾದ ಊರು. ಇಂತಹ ಶಕ್ತಿದೇವತೆಗಳ ನೆಲೆಗಳಲ್ಲಿ ಭಕ್ತರ ನಡವಳಿಕೆ ಎರಡು ಬಗೆಯದು. ಕಾಯಿಲೆ ಬಂದಾಗ ಹರಕೆ ಹೊತ್ತು, ಗುಣವಾದ ಮೇಲೆ ತೀರಿಸುವುದು ಒಂದು. ಕಷ್ಟವಿರಲಿ, ಇಲ್ಲದಿರಲಿ, ಒಕ್ಕಲಾಗಿ ವರ್ಷವರ್ಷವೂ ನಡೆದುಕೊಳ್ಳುವುದು ಇನ್ನೊಂದು. ಹರಕೆಗೆ ಮುಕ್ತಾಯವಿದೆ, ಒಕ್ಕಲುತನಕ್ಕೆ ಇಲ್ಲ. ಯಕೃತ್ತಿನ ಕ್ಯಾನ್ಸರಿನ ಚಿಕಿತ್ಸೆಯ ನಂತರದ ಬದುಕನ್ನು ಗ್ರಹಿಸಲು ಈ ಭೇದ ಉಪಯುಕ್ತವಾಗಿದೆ.

ಆರಂಭದ ಹಂತದಲ್ಲಿ ಪತ್ತೆಯಾದ ಗಡ್ಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು, ಶಾಖದಿಂದ ಸುಡಬಹುದು ಅಥವಾ ಯಕೃತ್ತನ್ನೇ ಬದಲಿಸಬಹುದು. ಆದರೆ ಶಸ್ತ್ರಕ್ರಿಯೆಯಾದವರಲ್ಲಿ ಐದು ವರ್ಷಗಳೊಳಗೆ ಶೇ. 70ರವರೆಗೂ ರೋಗ ಮರುಕಳಿಸುವುದುಂಟು. ಮೊದಲ ಎರಡು ವರ್ಷಗಳಲ್ಲಿ ಬರುವುದು ಬಹುಮಟ್ಟಿಗೆ ಹಳೆಯ ಗಡ್ಡೆಯಿಂದ ಚದುರಿ ಉಳಿದ ಕಣಗಳ ಫಲ. ಅನಂತರದ್ದು ಹಲವು ವೇಳೆ ಹೊಸ ಗಡ್ಡೆ. ಹೆಪಟೈಟಿಸ್ ಅಥವಾ ಮದ್ಯಪಾನದಿಂದ ಗಟ್ಟಿಯಾದ ಯಕೃತ್ತೇ ಅದರ ಮೂಲ.

ಆದಕಾರಣ ಮುನ್ಸೂಚನೆಗೂ ಎರಡು ಮುಖಗಳಿವೆ. ಗಡ್ಡೆಯ ಗಾತ್ರ, ಸಂಖ್ಯೆ, ಸೂಕ್ಷ್ಮ ರಕ್ತನಾಳಗಳಲ್ಲಿ ಅದರ ಹರಡುವಿಕೆ ಹಾಗೂ ರಕ್ತದಲ್ಲಿನ ಆಲ್ಫಾ-ಫೀಟೋಪ್ರೋಟೀನ್ ಪ್ರಮಾಣಗಳು ಮರುಕಳಿಕೆಯ ಸಂಭವವನ್ನು ಸೂಚಿಸುತ್ತವೆ. ಬದುಕುಳಿಯುವ ಅವಧಿಯಾದರೋ ಉಳಿದ ಯಕೃತ್ತಿನ ಶಕ್ತಿಯನ್ನೂ ಅವಲಂಬಿಸುತ್ತದೆ. ಚೈಲ್ಡ್-ಪ್ಯೂ ಮಾಪನವು ಇದನ್ನು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಕಾಲ, ಹೊಟ್ಟೆಯಲ್ಲಿನ ನೀರು ಮತ್ತು ಮಿದುಳಿನ ಮಂಕು ಎಂಬ ಐದು ಲಕ್ಷಣಗಳಿಂದ ಅಳೆಯುತ್ತದೆ. ಯಕೃತ್ ಕಸಿಗೆ 1996ರಲ್ಲಿ ಮಿಲಾನಿನ ವೈದ್ಯರು ಮಿತಿಗಳನ್ನು ನಿಗದಿಪಡಿಸಿದರು: 5 ಸೆಂ.ಮೀ. ಮೀರದ ಒಂದು ಗಡ್ಡೆ, ಅಥವಾ ತಲಾ 3 ಸೆಂ.ಮೀ. ಮೀರದ ಮೂರರವರೆಗಿನ ಗಡ್ಡೆಗಳು. ಅವರ ಅಧ್ಯಯನದಲ್ಲಿ ನಾಲ್ಕು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಶೇ. 75. ಹಾನಿಗೊಂಡ ಯಕೃತ್ತೂ ಗಡ್ಡೆಯೊಡನೆ ಹೋಗುವುದು ಈ ಯಶಸ್ಸಿಗೆ ಒಂದು ಮುಖ್ಯ ಕಾರಣ.

ಈ ಲೆಕ್ಕಾಚಾರಗಳೆಲ್ಲವೂ ಸಮೂಹವನ್ನು ಕುರಿತವು ಎಂಬುದು ಗಮನಾರ್ಹ. ದೇವರ ಮುಂದೆ ಹೂವಿನ ಅಪ್ಪಣೆ ಕೇಳುವವರು ತಮ್ಮೊಬ್ಬರ ವಿಷಯಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಬಯಸುತ್ತಾರೆ. ಅದೇ ನಿರೀಕ್ಷೆಯಿಂದ ಬಂದ ರೋಗಿಗೆ ವೈದ್ಯರು ಹೇಳುವ ಶೇಕಡಾವಾರು ಉತ್ತರವೇ ಅಲ್ಲವೆನಿಸಬಹುದು. ಔಷಧಗಳಿಂದ ಮರುಕಳಿಕೆಯನ್ನು ತಡೆಯುವ ಯತ್ನವೂ ಇನ್ನೂ ನೆಲೆಗೊಂಡಿಲ್ಲ. 2023ರಲ್ಲಿ ಪ್ರಕಟವಾದ ಅಟೆಜೊಲಿಜುಮಾಬ್-ಬೆವಾಸಿಜುಮಾಬ್ ಪ್ರಯೋಗದ ಆರಂಭದ ಲಾಭ 2024ರ ವರದಿಯ ವೇಳೆಗೆ ಉಳಿದಿರಲಿಲ್ಲ.

ಅಪಾಯವಿರುವುದು ಚಿಕಿತ್ಸೆಯನ್ನು ಹರಕೆಯಂತೆ ಭಾವಿಸುವುದರಲ್ಲಿ. ಗಡ್ಡೆ ಹೋಯಿತು, ಋಣ ತೀರಿತು ಎಂದು ಆಸ್ಪತ್ರೆಯ ದಾರಿಯನ್ನು ಮರೆತವರಲ್ಲಿ ಎರಡನೆಯ ಗಡ್ಡೆ ನೋವು ಕೊಡುವಷ್ಟು ಬೆಳೆದ ಮೇಲಷ್ಟೇ ತಿಳಿಯಬಹುದು. ಚಿಕ್ಕದಿರುವಾಗಲೇ ಸಿಕ್ಕರೆ ಮತ್ತೆ ಚಿಕಿತ್ಸೆ ಸಾಧ್ಯ. ಆದ್ದರಿಂದ ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ, ಅನಂತರ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಅಗತ್ಯ. ಹೆಪಟೈಟಿಸ್ ಬಿ ಇದ್ದವರು ವೈರಾಣು ನಿರೋಧಕ ಔಷಧಿಯನ್ನು ಬಿಡದಿರುವುದು, ಎಲ್ಲರೂ ಮದ್ಯವನ್ನು ತ್ಯಜಿಸುವುದು ಅಷ್ಟೇ ಮುಖ್ಯ.

ಕಷ್ಟವಿಲ್ಲದಾಗಲೂ ವಾಯಿದೆ ತಪ್ಪದೆ ಬರುವುದು ನಮ್ಮ ಜನರಿಗೆ ಹೊಸ ಪಾಠವಲ್ಲ. ಒಕ್ಕಲುತನದಲ್ಲಿ ಅದು ರೂಢಿಯಾಗಿಯೇ ಇದೆ. ಆರೋಗ್ಯ ಶಿಕ್ಷಣದವರು ಈ ಪರಿಚಿತ ಪರಿಕಲ್ಪನೆಯ ಮೂಲಕ ರೋಗಿಗಳೊಡನೆ ಮಾತನಾಡುವುದು ಸೂಕ್ತ. ಜಾನಪದ ಅಧ್ಯಯನವು ವೈದ್ಯಕ್ಕೆ ನೀಡಬಹುದಾದ ನೆರವುಗಳಲ್ಲಿ ಇದೂ ಒಂದು.