ಡಿ'ಸೋಜ ಅವರಿಗೆ ಊಟದ ಟಿಕೆಟ್ ಸಿಗದ ಕಥೆ



ಕಳೆದ ರಾಜ್ಯೋತ್ಸವಕ್ಕೆ ಮುಂಚೆ ಒಂದು ಸಂಜೆ ಫೋನ್ ಬಂತು. ಮಂಗಳೂರಿನ ಕಡೆಯವರು, ಮನೆ ಇಲ್ಲೇ ರಾಚೆಸ್ಟರ್ ಹಿಲ್ಸ್‌ನಲ್ಲಿ. "ಎಂತ ಮಾರಾಯ್ರೆ, ನಮ್ಮ ಹೆಸರು ನಿಮ್ಮ ಕಂಪ್ಯೂಟರಿಗೆ ಆಗುವುದಿಲ್ವಾ? ಮೂರು ಸಲ ತುಂಬಿಸಿದೆ, ಮೂರು ಸಲವೂ ಎರರ್!" ಅಂದರು. ನೋಂದಣಿಯ ಪ್ರೋಗ್ರಾಂ ಬರೆದವನು ನಾನೇ. ರಾವ್, ಗೌಡ, ಹೆಗಡೆ, ಪಾಟೀಲರೆಲ್ಲ ಸಲೀಸಾಗಿ ಒಳಗೆ ಬಂದಿದ್ದರು. ಬಾಗಿಲ ಹೊರಗೆ ನಿಂತವರು ಡಿ'ಸೋಜ ಅವರು ಮಾತ್ರ.

"ಆ ಅಪಾಸ್ಟ್ರಫಿ ಬಿಟ್ಟು ಬರೆಯಿರಿ" ಎನ್ನುವುದು ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಹೇಳಿದರು. ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಸಾಲಿನಲ್ಲಿ ಅದಿಲ್ಲ, ಅಂತರರಾಷ್ಟ್ರೀಯ ನಿಯಮವೇ ಹಾಗೆ. ವಿಮಾನದ ಟಿಕೆಟಿನಲ್ಲೂ ಇಲ್ಲ. ಬ್ಯಾಂಕಿನವರು ಅದರ ಜಾಗ ಖಾಲಿ ಬಿಟ್ಟಿದ್ದಾರೆ. "ನಮ್ಮ ಸಂಘದಲ್ಲಾದರೂ ಸರಿಯಾಗಿ ಬರಲಿ ಅಂತ." ನಾನು ಸುಮ್ಮನೆ ಲ್ಯಾಪ್‌ಟಾಪ್ ತೆಗೆದೆ.

ತೊಂದರೆ ಇಷ್ಟೆ. ಡೇಟಾಬೇಸಿಗೆ ನಾವು ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ವಾಕ್ಯ ಬರೆದು ಕಳಿಸುತ್ತೇವೆ. ಆ ವಾಕ್ಯದಲ್ಲಿ ಹೆಸರು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತೋರಿಸುವುದು ಒಂಟಿ ಕೊಟೇಶನ್ ಗುರುತು: 'ಹೆಗಡೆ'. ಈಗ 'ಡಿ'ಸೋಜ' ಎಂದು ಬರೆದು ನೋಡಿ. 'ಡಿ' ಎಂದು ಓದಿದ ಕೂಡಲೇ ಹೆಸರು ಮುಗಿಯಿತು ಅಂದುಕೊಳ್ಳುತ್ತದೆ. ಉಳಿದ ಸೋಜ ಯಾವ ಆಜ್ಞೆಯೋ ತಿಳಿಯದೆ ಕೈಚೆಲ್ಲುತ್ತದೆ. ಇಲ್ಲಿನ ಓ'ಬ್ರಿಯನ್, ಓ'ಕಾನರ್‌ಗಳಿಗೂ ಇದೇ ಪಾಡು.

ಮೊದಲು ನಾನು ಅಡ್ಡದಾರಿ ಹಿಡಿದೆ. ಅಪಾಸ್ಟ್ರಫಿಗೆ ಮುಂಚೆ ಒಂದು ಬ್ಯಾಕ್‌ಸ್ಲ್ಯಾಶ್ ಸೇರಿಸಿದೆ. ಎರರ್ ಹೋಯಿತು. ಆದರೆ ಪ್ರೋಗ್ರಾಮಿನ ಎರಡು ಕಡೆ ಸೇರಿಸಿಬಿಟ್ಟಿದ್ದರಿಂದ ಬ್ಯಾಡ್ಜಿನಲ್ಲಿ ಡಿ\'ಸೋಜ ಎಂದು ಅಚ್ಚಾಯಿತು! ಪಿಎಚ್‌ಪಿ ಭಾಷೆ ಒಂದು ಕಾಲದಲ್ಲಿ ಈ ಕೆಲಸವನ್ನು ತಾನಾಗಿಯೇ ಮಾಡುತ್ತಿತ್ತು. ಹೆಸರು 'ಮ್ಯಾಜಿಕ್ ಕೋಟ್ಸ್'. ಆ ಮ್ಯಾಜಿಕ್ಕನ್ನು 2012ರಲ್ಲಿ ಬಂದ 5.4 ಆವೃತ್ತಿಯಲ್ಲಿ ಕಿತ್ತುಹಾಕಿದರು.

ಸರಿಯಾದ ದಾರಿ ಪ್ಯಾರಾಮೀಟರ್. ವಾಕ್ಯದಲ್ಲಿ ಹೆಸರಿನ ಜಾಗಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಹೆಸರನ್ನು ಬೇರೆಯಾಗಿ ಕಳಿಸುವುದು. ಆಗ ಹೆಸರಿನೊಳಗೆ ಏನಿದ್ದರೂ ಅದು ಆಜ್ಞೆಯಾಗುವುದಿಲ್ಲ. ಇದು ಬರೀ ಎರರ್ ವಿಷಯವಲ್ಲ. ಒಂದು ಅಪಾಸ್ಟ್ರಫಿ ಒಡೆಯಬಲ್ಲ ವಾಕ್ಯವನ್ನು ಕಿಡಿಗೇಡಿಯೂ ಒಡೆಯಬಲ್ಲ. ಹೆಸರಿನ ಬದಲು ಆಜ್ಞೆ ಟೈಪ್ ಮಾಡಿ ನಿಮ್ಮ ಮನೆ ವಿಳಾಸ, ಮಕ್ಕಳ ವಯಸ್ಸು ಎಲ್ಲ ಕದಿಯಬಹುದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುವುದು ಇದಕ್ಕೇ. ಆ ಫೋನ್ ಬಾರದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಇಷ್ಟಾದರೂ ಕಾರ್ಯಕ್ರಮದ ದಿನ ಪಟ್ಟಿಯಲ್ಲಿ ಹುಡುಕಿದರೆ ಅವರ ಮೈದುನನ ಹೆಸರಿಲ್ಲ! ಅವರು ಫೋನಿನಲ್ಲಿ ಫಾರಂ ತುಂಬಿದ್ದರು. ಕೆಲವು ಫೋನುಗಳು ನೆಟ್ಟಗಿನ ಅಪಾಸ್ಟ್ರಫಿಯನ್ನು ತಾವೇ ಬಾಗಿದ್ದಕ್ಕೆ ಬದಲಿಸುತ್ತವೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕೊನೆಗೆ ಪಟ್ಟಿಯ ಮೇಲೆ ಬೆರಳಾಡಿಸಿ ಹುಡುಕಿದೆವು. ಅಷ್ಟರಲ್ಲಿ ಬಿಸಿಬೇಳೆಬಾತ್ ಖಾಲಿಯಾಗಿರಲಿಲ್ಲ, ಸದ್ಯ. ಈಗ ಹುಡುಕುವಾಗ ಮಾತ್ರ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಪಟ್ಟಿಯಲ್ಲಿ ಉಳಿಯುವುದು ಅವರು ಬರೆದಂತೆಯೇ.

ಯುಗಾದಿಯ ನೋಂದಣಿ ಸದ್ಯದಲ್ಲೇ ಶುರು. ನಿಮ್ಮ ಹೆಸರನ್ನು ನೀವು ಬರೆಯುವಂತೆಯೇ ತುಂಬಿ, ಕನ್ನಡ ಲಿಪಿಯಾದರೂ ಸರಿ. ಎರರ್ ಬಂದರೆ ಹೆಸರು ತಿದ್ದಬೇಡಿ, ನನಗೊಂದು ಫೋನ್ ಮಾಡಿ.