ತಂದೆಯ ತರುವಾಯದ ಕ್ಷಮೆ

ಯೋಸೇಫನ ಚರಿತ್ರೆಯನ್ನು ನಾವೆಲ್ಲರೂ ಬಲ್ಲೆವು. 17 ವರುಷದವನಾಗಿದ್ದ ಅವನನ್ನು ಅಣ್ಣಂದಿರು 20 ಬೆಳ್ಳಿನಾಣ್ಯಗಳಿಗೆ ಮಾರಿದರು. ಬಹುಕಾಲದ ಮೇಲೆ ಬರಗಾಲದಲ್ಲಿ ಧಾನ್ಯಕ್ಕಾಗಿ ಐಗುಪ್ತಕ್ಕೆ ಬಂದ ಅವರನ್ನು, ಆ ದೇಶದ ಅಧಿಕಾರಿಯಾಗಿದ್ದ ಅವನು ಮುದ್ದಿಟ್ಟು ಕ್ಷಮಿಸಿದನು. ಆದರೆ ಆದಿಕಾಂಡದ ಕಡೆಯ ಅಧ್ಯಾಯವನ್ನು ನಾವು ಮರೆಯುವುದುಂಟು. ತಂದೆಯಾದ ಯಾಕೋಬನು ಐಗುಪ್ತದಲ್ಲಿ 17 ವರುಷ ಬಾಳಿ ತೀರಿಕೊಳ್ಳಲು, ಯೋಸೇಫನು ಇನ್ನು ಹಗೆ ತೀರಿಸದೆ ಬಿಡನೆಂದು ಅಣ್ಣಂದಿರು ಅಂಜಿದರು. ಅಷ್ಟು ವರುಷ ಅವನ ಅನ್ನವನ್ನುಂಡರೂ ಅವನ ಕ್ಷಮೆಯನ್ನು ಅವರು ನಂಬಿರಲಿಲ್ಲ! ಅವರು ಹೇಳಿಕಳುಹಿಸಿದ ಮಾತನ್ನು ಕೇಳಿ ಯೋಸೇಫನು ಅತ್ತನು. ಆದರೂ ಸಿಟ್ಟುಗೊಳ್ಳದೆ, ಅವರನ್ನೂ ಅವರ ಮಕ್ಕಳನ್ನೂ ಪೋಷಿಸುವೆನೆಂದು ಪುನಃ ಧೈರ್ಯ ಹೇಳಿದನು.

ಪ್ರಿಯ ಸಹೋದರಿಯರೇ, ತಾಯಿತಂದೆಗಳಿರುವ ತನಕ ಅವರ ಮುಖ ನೋಡಿ ಸುಮ್ಮನಿದ್ದ ಒಡಹುಟ್ಟಿದವರು, ಅವರು ಗತಿಸಿದ ಮೇಲೆ ಮನೆ, ಹೊಲ, ಒಡವೆಗಳ ಪಾಲಿನೊಡನೆ ಹಳೆಯ ನೋವುಗಳನ್ನೂ ಹೊರತೆಗೆಯುವುದನ್ನು ನಾವು ಕಾಣುತ್ತೇವೆ. ಕ್ಷಮೆಯ ನಿಜವಾದ ಪರೀಕ್ಷೆಯು ಆಗಲೇ. ಸಹೋದರನನ್ನು ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಕೇಳಿದ ಪೇತ್ರನಿಗೆ ನಮ್ಮ ಕರ್ತನು ಏಳೆಪ್ಪತ್ತು ಸಾರಿ ಎಂದು ಉತ್ತರಕೊಟ್ಟನಷ್ಟೆ. ಹೊಸ ತಪ್ಪುಗಳಿಗೆ ಮಾತ್ರವಲ್ಲ, ಒಂದೇ ಹಳೆಯ ತಪ್ಪಿಗೂ ಅನೇಕ ಸಾರಿ ಕ್ಷಮೆಯು ಬೇಕಾಗುವುದು. ಆದುದರಿಂದ ಕ್ಷಮಿಸಿದವರು ಅದನ್ನು ಮತ್ತೊಮ್ಮೆ ಹೇಳಲು ಬೇಸರಪಡದಿರಲಿ. ಹೊಂದಿದವರು ನಂಬಲು ತಡಮಾಡದಿರಲಿ.